ಟೋಪಿಯ ಅಳತೆ

ಕಾಸರಗೋಡಿನ ತಾಲೂಕು ಕಚೇರಿಯೆದುರು
ಜೆರಾಕ್ಸ್ ಅಂಗಡಿಯ ತಗಡಿನಡಿ ನನ್ನ ಮೇಜು.
ಕನ್ನಡದಲ್ಲಿ ಹೇಳಿ, ಮಲಯಾಳದಲ್ಲಿ ಬರೆದುಕೊಡುತ್ತೇನೆ.
ಪುಟಕ್ಕೆ ಅರುವತ್ತು.
ಅಕ್ಷರ ಸ್ವಲ್ಪ ದೊಡ್ಡದು. ಅಧಿಕಾರಿಗಳ ಕಣ್ಣಿಗೆ ಒಳ್ಳೆಯದು ಎನ್ನುತ್ತೇನೆ.

ಮೊದಲು ಬಂದವನು ಬೇಳದ ಗ್ರೆಗರಿ ಕ್ರಾಸ್ತ.
ಮಗಳ ಮದುವೆಗೆ ಹನ್ನೆರಡು ಪವನು ತೆಗೆದದ್ದು,
ವೇಸ್ಟೇಜ್ ಲೆಕ್ಕದಲ್ಲಿ ಒಂದೂಮುಕ್ಕಾಲು ಪವನಿನ ಹಣ ಹೋದದ್ದು.
"ಮೋಸ ಅಂತ ಬರೆ ಐತ್ತಪ್ಪಣ್ಣ, ದಪ್ಪ ಅಕ್ಷರದಲ್ಲಿ."
ಬಿಲ್ಲು ನೋಡಿದೆ. ಇರುವೆ ಸಾಲಿನಂತೆ ಎಲ್ಲ ಉಂಟು ಅದರಲ್ಲಿ,
ಕೆಳಗೆ ಇವನದೇ ಸಹಿ, ಬಾಲ ಸಮೇತ.
"ಇದು ಮೋಸ ಅಲ್ಲ ಮಾರಾಯ, ವ್ಯಾಪಾರ."
"ವ್ಯತ್ಯಾಸ ಎಂತದು?"
ಅಷ್ಟರಲ್ಲಿ ಚಾ ಬಂತು. ಬಚಾವಾದೆ.

ಅವನು ಹೋದ ಮೇಲೂ ಪ್ರಶ್ನೆ ಮೇಜಿನ ಮೇಲೆಯೇ ಕುಳಿತಿತ್ತು,
ಎತ್ತಿಡದ ಗ್ಲಾಸಿನ ಹಾಗೆ.

ಕಲ್ಯಾಣಿ ಬಂಗುಡೆಯ ಬುಟ್ಟಿಯಲ್ಲಿ ಮೇಲೆ ಇಂದಿನದು ಇಡುತ್ತಾಳೆ,
ಕೆಳಗೆ ನಿನ್ನೆಯದು. ನಮಗೆ ಗೊತ್ತುಂಟು.
ನಮಗೆ ಗೊತ್ತುಂಟೆಂದು ಅವಳಿಗೆ ಗೊತ್ತುಂಟು.
ಕಿವಿರು ಬಿಡಿಸುತ್ತೇವೆ, ಬಯ್ಯುತ್ತೇವೆ, ಒಂದು ಹೆಚ್ಚು ಹಾಕಿಸಿಕೊಂಡು ಹೋಗುತ್ತೇವೆ.
ಅದೂ ಮೋಸವಾದರೆ
ಊರಿಗೆ ಊರೇ ಮಧ್ಯಾಹ್ನ ಗಂಜಿಗೆ ಉಪ್ಪಿನಕಾಯಿ ನೆಕ್ಕಬೇಕು.

ನಮ್ಮ ಭಾಷೆಯನ್ನೇ ಕೇಳಿದೆ.
ಹಣೆಗೆ ನಾಮ, ಕಿವಿಗೆ ಹೂ, ಕಣ್ಣಿಗೆ ಮಣ್ಣು,
ತಲೆಗೆ ಟೋಪಿ.
ಜೇಬಿಗಾದರೆ ಬರೀ ಕತ್ತರಿ.
ಕುತ್ತಿಗೆಯ ಮೇಲೆ ನಡೆಯುವುದು ಮೋಸ,
ಕೆಳಗಿನದು ದುಬಾರಿ ದಿನ ಅಷ್ಟೆ
ಎಂದು ತೀರ್ಮಾನಿಸಿ ಖುಷಿಪಟ್ಟೆ.
ಊಟದ ಹೊತ್ತಿನವರೆಗೆ ನಿಂತಿತು ಆ ತೀರ್ಮಾನ.

ಏಕೆಂದರೆ ತಳಂಗರೆಯ ಬೀಫಾತುಮ್ಮ ಬಂದಳು, ರೇಷನ್ ಕಾರ್ಡಿಗೆ.
ಕೈಯಲ್ಲಿ ಹೊಲಿದ ಟೋಪಿಗೆ ಒಂದು ಕಾಲದಲ್ಲಿ ಅವಳ ಬೆರಳು ಹೆಸರಾಗಿತ್ತು.
ಈಗ ಎಲ್ಲಿಂದಲೋ ಮೆಷಿನ್ನಿನ ಮಾಲು ಬಂದು ಇಳಿಯುತ್ತದೆ,
ಮೇಲೆ 'ತಳಂಗರೆ' ಎಂಬ ಚೀಟಿ.
ದುಬೈಯಲ್ಲಿ ಹಾಕಿಕೊಂಡವನು ಸಂತೋಷವಾಗಿದ್ದಾನೆ. ಮಾರಿದವನೂ.
"ಟೋಪಿಗೇ ಟೋಪಿ ಹಾಕಿದರಲ್ಲ" ಎಂದು ನಕ್ಕಳು, ಹಲ್ಲಿಲ್ಲದೆ.
ಅರ್ಜಿ ಹಾಕುವನಾ ಎಂದೆ.
'ನಷ್ಟದ ಮೊತ್ತ' ಎಂಬ ಕಾಲಮ್ಮಿನ ಎದುರು
ಪೆನ್ನು ನಿಂತೇ ಬಿಟ್ಟಿತು.

ಮೂರೂವರೆಗೆ ಜಲಜಾಕ್ಷಿ. ಮುಳ್ಳೇರಿಯ. ಬೀಡಿ ಕಟ್ಟುವವಳು.
ಅವನು ನಾಲ್ಕು ತಿಂಗಳು ಏನೂ ಕೇಳಲಿಲ್ಲವಂತೆ.
ಮೊದಲ ಸಲ ಮಳೆಗೆ ಜಗಲಿಯಲ್ಲಿ ನಿಂತದ್ದು.
ಎರಡನೇ ಸಲ ಐನೂರರ ನೋಟು ಹಿಡಿದು ಬಂದದ್ದು:
"ಅಕ್ಕಾ, ಅವತ್ತು ನಿಮ್ಮಲ್ಲಿ ಬಿದ್ದದ್ದಿರಬೇಕು, ನನ್ನ ಕೊಡೆಯೊಳಗೆ ಸಿಕ್ಕಿತು."
ಅವಳದ್ದಲ್ಲ ಅದು. ಆದರೂ ಎಷ್ಟು ಒಳ್ಳೆಯ ಹುಡುಗ.
ಆಮೇಲೆ ಬೇಕಲದ ಹತ್ತಿರ ಹೋಮ್‌ಸ್ಟೇ, ಅದರಲ್ಲಿ ಪಾಲು,
ಎರಡು ಲಕ್ಷದ ಎಂಬತ್ತು ಸಾವಿರ. ಕಾಗದ? ಇಲ್ಲ.
ತಮ್ಮನ ಹತ್ತಿರ ಯಾರಾದರೂ ಕಾಗದ ಕೇಳುತ್ತಾರಾ.

ಪೆನ್ನು ಎತ್ತಿದೆ. ಹಳೆಯ ನಾನ್ನೂರಿಪ್ಪತ್ತು
ಈಗ ಮುನ್ನೂರ ಹದಿನೆಂಟು; ನಂಬರು ಮಾತ್ರ ಬದಲು.
ಅವಳು ಕೈ ಅಡ್ಡ ಹಿಡಿದಳು.
"ಮೋಸ ಅಂತ ಬರೆಯಬೇಡಿ.
ಫೋನು ಹೋಗುವುದಿಲ್ಲ. ಎಲ್ಲಿ ಬಿದ್ದಿದ್ದಾನೋ, ಏನಾಗಿದೆಯೋ.
ಕಾಣೆಯಾಗಿದ್ದಾನೆ, ಹುಡುಕಿ ಕೊಡಿ ಅಂತ ಬರೆಯಿರಿ."

ಗ್ರೆಗರಿ, ನಿನ್ನ ವ್ಯತ್ಯಾಸ ಇಲ್ಲಿ ಕುಳಿತಿದೆ ನೋಡು,
ಸೆರಗಿನ ತುದಿಗೆ ಹೊಗೆಸೊಪ್ಪಿನ ವಾಸನೆ.
ದುಡ್ಡು ಹೋಗಿ ಆರು ವಾರ.
ನಂಬಿಕೆಯನ್ನು ಅವನು ಇನ್ನೂ ವಾಪಸು ಮಾಡಿಲ್ಲ.

ಎರಡು ಪುಟ ಬರೆದೆ.
ಅವಳು ಹೇಳಿದ್ದನ್ನು ಅಲ್ಲ.
'ವಂಚನ' ಎಂಬ ಮಾತು ಮೂರು ಕಡೆ ಬಂತು, ದೊಡ್ಡ ಅಕ್ಷರದಲ್ಲಿ.
"ಬರೆದಿರಾ, ನಾನು ಹೇಳಿದ ಹಾಗೆ?"
ಹೂಂ ಎಂದೆ.
ಓದಲು ಬಾರದ ಲಿಪಿಯ ಕೆಳಗೆ
ಬೆರಳಿಟ್ಟು ತೋರಿಸಿದಲ್ಲಿ
ದುಂಡು ದುಂಡು ಕನ್ನಡದಲ್ಲಿ ಸಹಿ ಹಾಕಿದಳು.

ಇನ್ನೂರು ಕೊಟ್ಟಳು. ಚಿಲ್ಲರೆ ಎಣಿಸಿ ಕೊಟ್ಟೆ.
ಬಸ್ಸಿನ ತನಕ ಹೋದವಳು
ಬಿಸಿಲಲ್ಲಿ ತಿರುಗಿ ಬಂದಳು, ಏದುಸಿರು.
"ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೀರಿ."

ನೋಟು ಅವಳ ಕೈಯಲ್ಲಿತ್ತು.
ತೆಗೆದುಕೊಳ್ಳಲು
ನನಗೆ ಒಂದು ಗಳಿಗೆ ಹೆದರಿಕೆಯಾಯಿತು.